ಹಡಗಿನ ಮೇಲೆ ಸಿದ್ದನ ಅವ್ವನ ಕೂಗು

ದೆವ್ವ, ಶಕುನ, ಅಶರೀರವಾಣಿ ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ನಮ್ಮೂರು ಕೊತ್ತತ್ತಿಯಲ್ಲಿ ಮೈಮೇಲೆ ದೇವರು ಬಂದವರನ್ನು ಮಾರನೆಯ ದಿನವೇ ಆಡಿ ತೋರಿಸಿ ಒದೆ ತಿಂದವನು. ಅಣಕಿಸುವುದರಲ್ಲಿ ಯಾರ ದನಿಯನ್ನೂ ಬಿಟ್ಟವನಲ್ಲ. ನನ್ನ ಕೀರಲು ದನಿಯನ್ನೂ ಸೇರಿಸಿ. ಇದನ್ನು ಬರೆಯುವಾಗಲೂ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು. ಯಾಕೆಂದು ನೀವೇ ನೋಡಿ.

ಎಪ್ಪತ್ತೆರಡನೆಯ ಇಸವಿಯಲ್ಲಿ ನಾನಿದ್ದ ತರಬೇತಿ ಹಡಗಿನಲ್ಲಿ ಮಂಡ್ಯದ ಕಡೆಯವರು ಇಬ್ಬರೇ: ನಾನು ಮತ್ತು ಆತಗೂರಿನ ಸಿದ್ದ. ಮದ್ದೂರು ಸ್ಟೇಷನ್ನಿನಲ್ಲಿ ಅವನನ್ನು ಕಳಿಸುವಾಗ ಅವನ ಅವ್ವ ಅತ್ತಿದ್ದನ್ನು ನಾನು ಹಡಗಿನವರ ಮುಂದೆಲ್ಲ ಆಡಿ ತೋರಿಸಿದ್ದೆ. ಅದಕ್ಕೆ ಇಬ್ಬರಿಗೂ ಹೊಡೆದಾಟವಾಯಿತು. ಅಧಿಕಾರಿ ನನಗೆ ಹೇಳಿದ್ದು ಒಂದೇ ಮಾತು: ಇನ್ನೊಂದು ಸಲ ಯಾರ ದನಿಯನ್ನಾದರೂ ತೆಗೆದರೆ ಕೊಲಂಬೊದಲ್ಲಿ ನೀನು ಇಳಿಯುವಂತಿಲ್ಲ.

ಕೊಲಂಬೊ! ಕೆರೆ, ನಾಲೆ ಬಿಟ್ಟು ಬೇರೆ ನೀರು ಕಾಣದವನಿಗೆ ಮೊದಲ ಪರದೇಶ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡೆ.

ಬಂದರಿನ ಹೊರಗೆ ಲಂಗರು ಹಾಕಿದ ಬೆಳಗ್ಗೆ ಹಡಗೆಲ್ಲ ಮದುವೆ ಮನೆ. ಹಿತ್ತಾಳೆ ಉಜ್ಜುವವರು, ಬಾವುಟ ಹೊಲಿಯುವವರು. ಸಿದ್ದ ಹಡಗಿನ ಪಕ್ಕಕ್ಕೆ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಕೂತು ಬಣ್ಣ ಬಳಿಯುತ್ತಿದ್ದ. ನಾನು ಮೇಲೆ, ಅಂಚಿನ ಕಂಬಿಯ ಪಕ್ಕದ ಕೋಣೆಯಲ್ಲಿ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದೆ. ನಮ್ಮೂರಿನ ಹಾಗೆ ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಗೆ ಫುರ್ರೆಂದು ಉಗ್ಗುವುದು ನನ್ನ ಪದ್ಧತಿ. ಆ ಗಳಿಗೆಯಲ್ಲಿ ನನ್ನ ಬಾಯಿ ತುಂಬ ನೀರಿತ್ತು. ಇದನ್ನು ನೆನಪಿಡಿ.

ಆಗ ಕಂಬಿಯ ಕಡೆಯಿಂದ ಹೆಂಗಸಿನ ದನಿ ಬಂತು: "ಕರಿಕೂಸೇ, ಮ್ಯಾಲಕ್ಕೆ ಬಾರ್ಲಾ, ಇಟ್ಟು ಆರೋಯ್ತದೆ!"

ಬಾಯಲ್ಲಿದ್ದ ನೀರು ಗಂಟಲಿಗಿಳಿಯಿತು. ಹೊರಗೆ ಬಂದು ನೋಡಿದರೆ ಕಂಬಿಯ ಬಳಿ ಯಾರೂ ಇಲ್ಲ.

ಹಗ್ಗದೇಣಿ ಹತ್ತಿ ಬಂದ ಸಿದ್ದ ಸೀದಾ ನನ್ನ ಕೆನ್ನೆಗೆ ಬಾರಿಸಿದ. "ನಮ್ಮವ್ವನ್ ತಂಟೆಗ್ ಬರ್ಬ್ಯಾಡ ಅಂದಿರ್ನಿಲ್ವೇನ್ಲಾ?"

"ನಾನಲ್ಲ ಕಣ್ಲಾ! ಬಾಯ್ತುಂಬ ನೀರಿತ್ತು!"

"ನೀನಲ್ದೆ ಈ ಸಮುದ್ರುದ್ ಮಧ್ಯಕ್ಕೆ ನಮ್ಮವ್ವ ಇಟ್ ಕಟ್ಕೊಂಡ್ ಬಂದವ್ಳಾ?"

ಅವನ ಮಾತು ಮುಗಿಯುವಷ್ಟರಲ್ಲಿ ಧಡಾರೆಂದಿತು. ಹಲಗೆಯ ಹಗ್ಗ ಕಿತ್ತಿತ್ತು. ಹಲಗೆ ಹಡಗಿನ ಮೈಗೆ ಅಪ್ಪಳಿಸಿ, ಬಣ್ಣದ ಡಬ್ಬದ ಸಮೇತ ನೀರಿಗೆ ಬಿತ್ತು.

ಅಧಿಕಾರಿ ಓಡಿ ಬಂದರು. ಹೆಂಗಸಿನ ದನಿ ಅವರಿಗೂ ಕೇಳಿಸಿತ್ತಂತೆ. ಆ ಹಡಗಿನಲ್ಲಿ ಹೆಂಗಸಿನ ದನಿ ತೆಗೆಯುವವನು ನಾನೊಬ್ಬನೇ. ಒಂದು ಜೀವ ಉಳಿಯಿತೆಂದು ನನ್ನ ಬೆನ್ನು ತಟ್ಟಿದರು. ಮಾತು ಮೀರಿದೆಯೆಂದು ಕೊಲಂಬೊ ರದ್ದು ಮಾಡಿದರು. ಎರಡೂ ನಾನು ಮಾಡದ ಕೆಲಸಕ್ಕೆ! ನಾನೇ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಎಲ್ಲರೂ ದೋಣಿ ಹತ್ತಿದರು. ಯಾರನ್ನು ಬೈಯಬೇಕೆಂದು ತಿಳಿಯದೆ ಕಂಬಿ ಹಿಡಿದು ಎಲ್ಲರನ್ನೂ ಬೈದೆ.

ಊರಿಗೆ ಬಂದಾಗ ಸಿದ್ದ ನನ್ನನ್ನು ಮನೆಗೆ ಕರೆದೊಯ್ದ. ಅವನ ಅವ್ವ ನನ್ನ ತಲೆ ಸವರಿ, "ನನ್ ದನಿ ತಗ್ದಾದ್ರೂ ಮಗುನ್ ಉಳಿಸ್ದೆ ಕಣಪ್ಪ" ಎಂದರು. ನಾನಲ್ಲ, ನಾನಲ್ಲ ಎಂದು ಗೋಗರೆದೆ. ತಾಯಿ ಮಗ ಇಬ್ಬರೂ ನಕ್ಕರು.

ಬೀದಿಯವರೆಗೆ ಕಳಿಸಲು ಬಂದ ಸಿದ್ದ ನಗು ನಿಲ್ಲಿಸಿ ಕೇಳಿದ: "ಅದಿರ್ಲಿ ಕಣ್ಲಾ, ನಾನು ಇಸ್ಕೂಲ್ಗೆ ಸೇರುದ್ ಮ್ಯಾಲೆ ನನ್ನ ಕರಿಕೂಸು ಅಂತ ಅವ್ವನೂ ಕರ್ದಿಲ್ಲ. ನಿಂಗ್ಯಾರ್ಲಾ ಏಳಿದ್ದು?"

ಯಾರೂ ಹೇಳಿರಲಿಲ್ಲ. ಐದು ವರ್ಷವಾಯಿತು. ಇವತ್ತೂ ಒಬ್ಬನೇ ಇದ್ದಾಗ ಆ ಕೂಗನ್ನು ಆಡಿ ನೋಡುತ್ತೇನೆ. ಊರಿನವರೆಲ್ಲರ ದನಿ ಬರುತ್ತದೆ. ಅದೊಂದು ಮಾತ್ರ ಬರುವುದಿಲ್ಲ.