ಕ್ಲಚ್ ತಿಂದ ಕಾಲು

ತಿಕೋಟಾ ಹೊರಗಿನ ಬಯಲಿನಲ್ಲಿ ನಮ್ಮಂಥ ಹವ್ಯಾಸಿಗಳ ಕಾರ್ ರೇಸ್ ಇತ್ತು. ಹವ್ಯಾಸಿಗಳೆಂದರೆ, ವಾರವಿಡೀ ಮನೆಯ ಕಾರಿನಲ್ಲಿ ದ್ರಾಕ್ಷಿ ಹೇರಿ, ರಜೆಯ ದಿನ ಅದೇ ಕಾರಿನ ಬಾಗಿಲಿಗೆ ನಂಬರು ಅಂಟಿಸಿ ಧೂಳೆಬ್ಬಿಸುವವರು. ಎರಡು ಸಲ ಓಡಿಸಿ ಎರಡು ಸಲವೂ ಕೊನೆಯವನಾಗಿ ಬಂದ ಕೀರ್ತಿ ನನ್ನದು. ಈ ಸಲ ಅದಕ್ಕೂ ಅವಕಾಶ ಕೊಡದೆ ಹಿಂದಿನ ದಿನವೇ ಕ್ಲಚ್ ಕೈಕೊಟ್ಟಿತು. ಎಂಜಿನ್ ಅರಚುತ್ತಿತ್ತು, ಕಾರು ಮಾತ್ರ ಮುಂದೆ ಹೋಗದು.

ಅಪ್ಪನೂ ನಾನೂ ಅದನ್ನು ನೆರೆಮನೆಯ ಟ್ರ್ಯಾಕ್ಟರಿಗೆ ಕಟ್ಟಿ ಬಬಲೇಶ್ವರದಿಂದ ವಿಜಯಪುರದ ಗ್ಯಾರೇಜಿಗೆ ಎಳೆಸಿಕೊಂಡು ಬಂದೆವು. ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹೊರತೆಗೆದ. ದಸರೆಗೆ ಹಾಕಿಸಿದ್ದು, ಆಗಲೇ ಸವೆದು ರಿವೆಟ್ಟುಗಳು ಕಾಣುತ್ತಿದ್ದವು.

“ಇದು ರೇಸಿನ್ಯಾಗ ಸವದದ್ದಲ್ಲ ತಮ್ಮಾ. ಯಾರೋ ಪೆಡಲ್ ಮ್ಯಾಲಿಂದ ಕಾಲ ತಗಿಯೂದ ಇಲ್ಲ. ಯಾರಂವಾ?”

ಕೇಳಬಾರದವನನ್ನು ಕೇಳಿದ. ಮಂದಿಯನ್ನು ಅಣಕಿಸುವುದು ನನ್ನ ಚಟ. ಬೋರಲು ಹಾಕಿದ ಡಬ್ಬಿಯ ಮೇಲೆ ಕುಳಿತು ಮೊದಲು ನನ್ನನ್ನೇ ಆಡಿ ತೋರಿಸಿದೆ: ತಿರುವು ಬಂದರೆ ಕಣ್ಣು ಮುಚ್ಚುವ ಶೂರ. ಆಮೇಲೆ ಅಪ್ಪ. ಗಂಟಲು ಕೆರೆದು, ಕಾಲರು ಸರಿಮಾಡಿಕೊಂಡು, ಪ್ರತಿ ಗೇರಿಗೂ ಬಗ್ಗಿ ಎಡಗಾಲನ್ನು ನೋಡಿದೆ, ಅದು ಇದೆಯೋ ಯಾರಾದರೂ ಒಯ್ದರೋ ಎಂಬಂತೆ. ಅಪ್ಪನೂ ನಕ್ಕ. ಮೇಸ್ತ್ರಿ ನಗಲಿಲ್ಲ.

“ಕಾಕಾ, ಖರೇನ ಹಿಂಗ ಬಗ್ಗಿ ನೋಡ್ತೀರೇನ್ರಿ?”

“ಏ, ಅಂವ ಮಂಗ್ಯಾ ಅದಾನ. ಏನರ ಮಾಡ್ತಾನ.”

“ನಮ್ಮವ್ವಗ ಶುಗರ್ ಇತ್ತರಿ. ಆಕೀನೂ ಕಾಲ ನೋಡಿ ನೋಡಿ ಹೆಜ್ಜಿ ಇಡ್ತಿದ್ಲು. ಬೂಟ ತಗೀರಿ.”

ಅಪ್ಪ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದ. ಆಮೇಲೆ, ನನ್ನ ಕಡೆ ನೋಡದೆ, “ಪೆಡಲ್ ಮ್ಯಾಲೆ ಕಾಲ ಐತೋ ಇಲ್ಲೋ ತಿಳಿಯಂಗಿಲ್ಲ. ನೋಡಿದ್ರ ಗೊತ್ತು” ಅಂದ.

ಬೂಟು ಬಿಚ್ಚಿದ. ಕಾಲುಚೀಲ ಅಂಗಾಲಿಗೆ ಅಂಟಿತ್ತು. ಹೆಬ್ಬೆರಳಿನ ಬುಡದಲ್ಲಿ ಹಸಿ ಹುಣ್ಣು, ಅದರೊಳಗೆ ಮುರಿದ ಜಾಲಿಮುಳ್ಳು. ಯಾವಾಗ ಚುಚ್ಚಿತೆಂದು ಅವನಿಗೂ ಗೊತ್ತಿರಲಿಲ್ಲ. ಅವನು ಬಗ್ಗುವುದನ್ನು ನಾನು ನೋಡಿ ನೋಡಿ ಕಲಿತಿದ್ದೆ, ಮದುವೆಮನೆಗಳಲ್ಲಿ ಆಡಿ ಚಪ್ಪಾಳೆ ಗಿಟ್ಟಿಸಿದ್ದೆ. ಯಾಕೆ ಬಗ್ಗುತ್ತಾನೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಹೊಸ ಪ್ಲೇಟ್ ಕೂರಿಸಲು ಹೇಳಿ, ಆಟೋ ಹಿಡಿದು ದವಾಖಾನೆಗೆ ಹೋದೆವು. ಡಾಕ್ಟರು ಮುಳ್ಳು ತೆಗೆದರು, ಹುಣ್ಣು ತೊಳೆದರು. ಶುಗರಿನಿಂದ ಕಾಲು ಮರಗಟ್ಟಿದೆ, ಬೆರಳು ಉಳಿಯುತ್ತದೆ, ನಾಳೆ ಬೆಳಿಗ್ಗೆ ಮತ್ತೆ ಬನ್ನಿ, ಇನ್ನು ಕಾರು ಓಡಿಸಬೇಡಿ ಎಂದರು. ಬೆರಳಿನ ಮಾತಿಗೆ ಅಪ್ಪ ತಲೆಯಾಡಿಸಿದ. ಕಾರಿನ ಮಾತಿಗೆ ಆಡಿಸಲಿಲ್ಲ.

ಸಂಜೆ ಗ್ಯಾರೇಜಿಗೆ ಮರಳಿದಾಗ ಕಾರು ಸಿದ್ಧವಾಗಿತ್ತು.

“ನಾಳಿ ನೀ ರೇಸಿಗೆ ಹೋಗಲೇ. ನನ್ನ ಯಾರರ ಕರಕೊಂಡು ಬರ್ತಾರ” ಅಂದ ಅಪ್ಪ.

“ಹೊಸಾ ಕ್ಲಚ್ ಐತಿ, ಮೊದಲ ಸಾವಕಾಶ ಹೊಡೀಬೇಕಂತ ಯಪ್ಪಾ. ದವಾಖಾನಿಗೆ ಬರಾಕ ಬೇಷ್ ಆಕ್ಕೈತಿ. ಮ್ಯಾಲ ನಾ ಹೋಗಲಿಲ್ಲಂದ್ರ ಕಡೀಕ ಬರಾಂವ ಬ್ಯಾರೆ ಯಾವನರ ಆಗ್ತಾನ.”

ಅವನು ನಗಲಿಲ್ಲ. ರೂಢಿಯಂತೆ ಬಲಗಡೆಯ ಡ್ರೈವರ್ ಬಾಗಿಲಿಗೆ ಹೋಗಿ, ಹಿಡಿಕೆಗೆ ಕೈಯಿಟ್ಟು ನಿಂತ. ಆಮೇಲೆ ಬಾನೆಟ್ಟಿಗೆ ಕೈ ಆನಿಸುತ್ತ ಕುಂಟಿಕೊಂಡು ಈಚೆ ಬಂದ. ನಾನು ಎಡಗಡೆಯ ಸೀಟನ್ನು ಹಿಂದಕ್ಕೆ ಸರಿಸಿದೆ. ಪಟ್ಟಿ ಸುತ್ತಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು, “ಬಾಗಲಾ ಹಾಕು” ಅಂದ.