ಖಾಲಾ ಬರೆದ ಹತ್ತನೆಯ ಯುದ್ಧ

೧೯೮೧, ಫೆಬ್ರವರಿ, ಮೊದಲ ಭಾನುವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕೂತೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ನಾಟಕದ ಪರದೆ ಬರೆಯುತ್ತಾರೆ. ಗುಬ್ಬಿಯಲ್ಲಿ ಅವರ ಅಪ್ಪ ನಾಟಕದವರಿಗೆ ಬಣ್ಣ ಕಲಸಿಕೊಡುತ್ತಿದ್ದರಂತೆ. ಕೈ ಪಳಗಿದ್ದು ಅಲ್ಲಿ. ಗಂಡನೂ ಪರದೆಯವರೇ. ಅರಮನೆ, ಉದ್ಯಾನವನ್ನು ಚೆನ್ನಾಗಿ ಬರೆಯುತ್ತಿದ್ದರು. ಯುದ್ಧ ಬಂದರೆ ಮಾತ್ರ, ಕುದುರೆಯ ಕಾಲು ಬರೆಯಲು ಬಾರದೆ ಇಡೀ ಸೈನ್ಯವನ್ನು ಮಂಡಿಯವರೆಗೂ ಹುಲ್ಲಿನಲ್ಲಿ ಹೂತುಬಿಡುತ್ತಿದ್ದರು. ಹಾಗಾಗಿ ಯುದ್ಧಗಳೆಲ್ಲ ಖಾಲಾ ಪಾಲಿಗೆ, ಕೆಳಗೆ ಹೆಸರು ಗಂಡನದು.

"ಒಂಬತ್ತು ಯುದ್ಧ ಮಾಡಿದೀನಿ ಕಣೇ, ಒಂದ್ರಲ್ಲೂ ನನ್ನ ಹೆಸರಿಲ್ಲ," ಎನ್ನುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಹತ್ತನೆಯದು ಬಂತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರು ಆಡುವ, ಇಬ್ಬರು ರಾಜರ ಕೋಟೆ ಕಾಳಗದ ನಾಟಕ. ಈ ಸಲ ತನ್ನ ಹೆಸರೇ ಎಂದು ಖಾಲಾ ಹಟ ಹಿಡಿದರು. ಕುಣಿಗಲ್ಲಿನ ಕುದುರೆ ಫಾರಂಗೆ ಹೋಗಿ ಕುದುರೆಗಳನ್ನು ನೋಡಿಕೊಂಡು ಬಂದು ಬರೆದರು. ನನ್ನ ಲೆಕ್ಕದಲ್ಲಿ ಕುದುರೆ ಹನ್ನೊಂದು, ಆನೆ ಮೂರು, ಹೆಣ ಹದಿನಾಲ್ಕು.

ಪರದೆ ನೋಡಲು ಸೋಲುವ ರಾಜ ಬಂದರು. ಅಂದರೆ ಅಕ್ಕಿ ಗಿರಣಿ ಸಾವ್ಕಾರರು. ಊರಿನ ನಾಟಕಗಳಲ್ಲಿ ಪಾರ್ಟು ಹರಾಜಿಗೆ ಹೋಗುತ್ತದೆ. ಸೋಲುವ ರಾಜನಿಗೆ ಹಾಡು ಜಾಸ್ತಿ, ಆದ್ದರಿಂದ ದುಡ್ಡಿದ್ದವರೇ ಯಾವಾಗಲೂ ಸೋಲುವುದು. ಅವರು ಪರದೆಯನ್ನು ಎಡದಿಂದ ಬಲಕ್ಕೆ ನೋಡಿದರು. ಅಷ್ಟೂ ಹೆಣಗಳಿಗೆ ಅವರ ಕಡೆಯ ಹಸಿರು ರುಮಾಲು.

"ಏನ್ ತಾಯಿ, ನಾನಿನ್ನೂ ಸ್ಟೇಜಿಗೇ ಬಂದಿಲ್ಲ, ನನ್ನ ಸೈನ್ಯನೆಲ್ಲ ಮಲಗಿಸ್ಬಿಟ್ಟಿದೀಯಲ್ಲ!"

"ಸೋಲೋರು ನೀವೇ ಅಲ್ವಾ ಸ್ವಾಮಿ?"

"ಸೋಲೋದು ಕೊನೆ ಸೀನಲ್ಲಮ್ಮ! ಪರದೆ ಮೊದ್ಲಿಂದ ಇರುತ್ತೆ. ನಮ್ಮ ಬೀಗರು ಮುಂದೇನೇ ಕೂತಿರ್ತಾರೆ. ಇದನ್ನ ಸರಿ ಮಾಡು. ಹೆಸರೂ ನಿನ್ನ ಗಂಡಂದೇ ಹಾಕು. ಹೆಂಗಸು ಬರೆದ ಯುದ್ಧ ಅಂದ್ರೆ ನಗ್ತಾರೆ."

ಖಾಲಾ ಬ್ರಷ್ ಕೆಳಗಿಟ್ಟರು. "ಹಂಗಾದ್ರೆ ನಿಮ್ಮ ಪಾರ್ಟನ್ನ ಮೈಕಲ್ಲಿ ನಿಮ್ಮ ಹೆಂಡ್ತಿ ಹೆಸರಲ್ಲಿ ಕೂಗಿಸ್ತೀರಾ? ರುಮಾಲು ಬೇಕಾದ್ರೆ ಬದಲಾಯಿಸ್ತೀನಿ. ಹೆಸರು ನಂದೇ. ಇಲ್ಲಾಂದ್ರೆ ಪರದೆ ಇಲ್ಲೇ ಇರ್ಲಿ ಬಿಡಿ, ಹೆಣದ ಸಮೇತ."

ನಾಟಕಕ್ಕೆ ಉಳಿದಿದ್ದು ಒಂದೇ ವಾರ. ಸಾವ್ಕಾರರು ರಾಜನ ಪಾರ್ಟಿಗೆಂದೇ ಬಿಟ್ಟಿದ್ದ ಮೀಸೆಯನ್ನು ಸ್ವಲ್ಪ ಹೊತ್ತು ಎಳೆದಾಡಿ ಒಪ್ಪಿದರು.

ಖಾಲಾ ಹೆಣಗಳಿಗೆಲ್ಲ ಧೂಳಿನ ಬಣ್ಣ ಬಳಿದರು. ಸತ್ತವರು ಯಾರ ಕಡೆ ಎಂದು ಗೊತ್ತಾಗದಂತಾಯಿತು. ನಾಟಕದ ಸಂಜೆ ಸೋಲುವ ರಾಜ ಬೀಗರಿಗೆ, "ಎಲ್ಲಾ ಅವರ ಕಡೆಯೋರು," ಎಂದರು. ಗೆಲ್ಲುವ ರಾಜನೂ ತನ್ನವರಿಗೆ ಅದನ್ನೇ ಹೇಳುತ್ತಿದ್ದ. ಕೆಳಗಿನ ಅಂಚಿನಲ್ಲಿ ಕೆಂಪು ಅಕ್ಷರದಲ್ಲಿ ಖಾಲಾ ಹೆಸರಿತ್ತು. ಹೆಂಗಸರ ಸಾಲಿನಲ್ಲಿ ಕೂತ ಖಾಲಾ ನಾಟಕ ನೋಡಲೇ ಇಲ್ಲ, ಆ ಹೆಸರನ್ನೇ ನೋಡುತ್ತಿದ್ದರು.

ಆ ಪರದೆಯನ್ನು ಆಮೇಲೆ ತುಮಕೂರಿನ ಹತ್ತಿರದ ಕೋರ ಎಂಬ ಊರಿನ ಕಡೆಯವರು ಯಾರೋ ಕೊಂಡರಂತೆ. ಕೊಂಡವರು ಹಳೆಯ ಹೆಸರಿನ ಮೇಲೆ ತಮ್ಮ ಹೆಸರು ಬರೆಸುವುದುಂಟು. ಆ ಪರದೆಯನ್ನು ಎಲ್ಲಾದರೂ ನೋಡಿದವರು, ಕೆಳಗೆ ಈಗ ಯಾರ ಹೆಸರಿದೆ ಎಂದು ದಯವಿಟ್ಟು ನನಗೆ ಬರೆದು ತಿಳಿಸಿ. ಅಳಿಸಿದ್ದರೆ, ಅಳಿಸಿದವರು ಯಾರೆಂದೂ ಬರೆಯಿರಿ. ಖಾಲಾ ಬಸ್ಸು ಹತ್ತಲು ತಯಾರಾಗಿದ್ದಾರೆ.