ತೊಂಡೆಯ ಹೂವು ತೋರಿಸಿದ ಆಯಿ

ನೆರೆಮನೆಯ ಆಯಿ ಒಂಬತ್ತು ಉಗುರುಗಳನ್ನು ಮಾಂಸದ ಮಟ್ಟಕ್ಕೆ ಕತ್ತರಿಸಿಕೊಂಡಿರುತ್ತಿದ್ದಳು. ಎಡಗೈ ಹೆಬ್ಬೆರಳಿನದು ಮಾತ್ರ ಉದ್ದ, ಯಾವಾಗಲೂ ಹಸಿರು. ಸೂಲಗಿತ್ತಿಗೆ ಉಗುರಿರಬಾರದು, ಆದರೆ ಕಾಡಿನ ಕಾಯಿ ಸೀಳಿ ನೋಡಲು ಒಂದಾದರೂ ಬೇಕಲ್ಲ ಎನ್ನುತ್ತಿದ್ದಳು. ಹೆರಿಗೆಗೆ ಹೋದಾಗ ಆ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.

ನಾನು ಮಳಗಿಯಿಂದ ಹಳಿಯಾಳದ ಕಡೆಯ ಈ ಊರಿಗೆ ಸೊಸೆಯಾಗಿ ಬಂದದ್ದು ಎರಡನೇ ದೊಡ್ಡ ಲಡಾಯಿಯ ಕಾಲದಲ್ಲಿ. ಅಕ್ಕಿ ಸಿಗುತ್ತಿರಲಿಲ್ಲ, ಚಳಿಜ್ವರ ಮಾತ್ರ ಮನೆಮನೆಗೂ ಧಾರಾಳವಾಗಿ ಸಿಗುತ್ತಿತ್ತು. ಶ್ರಾವಣ ಕಳೆದರೆ ಹೆಂಗಸರೆಲ್ಲ ಕಾಡಂಚಿನಲ್ಲಿ ಕಾಯಿ ಹುಡುಕಲು ಹೋಗುತ್ತಿದ್ದೆವು. ನನ್ನ ಮೊದಲ ದಿನವೇ ಆಯಿ ಕೈ ಹಿಡಿದು ನಿಲ್ಲಿಸಿದಳು.

"ಏನವಾ ಮಳಗಿ ರಾಣಿ, ಕಂಡದ್ದೆಲ್ಲಾ ಉಡಿಯಾಗ ಹಾಕ್ಕೊಳ್ಳಾಕತ್ತಿ? ಹೂವು ನೋಡಿದೇನು?"

ನಾನೇನು ನೋಡಿದ್ದೆ, ಮಣ್ಣು! ನನಗೆ ಎಲ್ಲವೂ ತೊಂಡೆಕಾಯಿಯೇ. ಹಸಿರು ಮೈ, ಬಿಳಿ ಗೆರೆ. ಆಯಿ ಮೂರು ಕಾಯಿಗಳನ್ನು ಅಂಗೈ ಮೇಲಿಟ್ಟಳು. ಗುಂಡಗಿನದು ಲಿಂಗತೊಂಡೆ, ಅದರ ಹೂ ಸಣ್ಣದು, ಹಸಿರು ಮಿಶ್ರಿತ ಹಳದಿ, ಅದು ವಿಷ. ಉಳಿದೆರಡು ಅಕ್ಕತಂಗಿಯರಂತಿದ್ದವು, ಎರಡರ ಹೂವೂ ಬಿಳಿ. ತೊಂಡೆಯ ಹೂವಿಗೆ ಅಂಚು ನೆಟ್ಟಗೆ, ಹಗಲೆಲ್ಲ ಅರಳಿರುತ್ತದೆ. ಕಾಡುಪಡವಲ ಕಹಿ ವಿಷ, ಅದರ ಹೂವಿನ ಅಂಚಿಗೆ ಬಿಳಿ ನೂಲು ಬಿಚ್ಚಿ ಜೋತಿರುತ್ತದೆ. ಸಂಜೆ ಅರಳಿ ಬೆಳಗಾಗುವುದರೊಳಗೆ ಮುದುಡುತ್ತದೆ. ಹಗಲಲ್ಲಿ ಹೋದವರಿಗೆ ಕಾಯಿಯಷ್ಟೇ ಕಾಣುತ್ತದೆ. ಅದಕ್ಕೇ ಆಯಿ ದೀಪ ಹಚ್ಚುವ ಹೊತ್ತಿಗೆ ಒಂದು ಸುತ್ತು ಹೋಗಿ, ನೂಲಿನ ಹೂವಿನ ಬಳ್ಳಿಗೆಲ್ಲ ಚಿಂದಿ ಕಟ್ಟಿ ಬರುತ್ತಿದ್ದಳು. ಚಿಂದಿಯಿದ್ದ ಬಳ್ಳಿಯನ್ನು ಮರುದಿನ ಯಾರೂ ಮುಟ್ಟುತ್ತಿರಲಿಲ್ಲ.

"ನಾಲಿಗಿ ನಂಬಬ್ಯಾಡ. ಈ ಸೀಮ್ಯಾಗ ಎಲ್ಲಾರ ನಾಲಿಗೀನೂ ಕ್ವಿನೈನ್ ಗುಳಿಗಿಗೆ ಸತ್ತೈತಿ. ಕಾಯಿ ಸುಳ್ಳ ಹೇಳತೈತಿ, ಹೂವು ಹೇಳೂದಿಲ್ಲ," ಎನ್ನುತ್ತಿದ್ದಳು.

ಇಷ್ಟು ತಿಳಿದೂ ತಪ್ಪಿದೆ. ಹಗಲು ಕಂಡ ಬಾವಿಗೆ ಇರುಳು ಬಿದ್ದೆ.

ಅತ್ತೆ ಮತ್ತು ನನ್ನ ಯಜಮಾನರು ಮುಂಡಗೋಡಿಗೆ ಮದುವೆಗೆ ಹೋಗಿದ್ದರು. ಜ್ವರದಿಂದ ಎದ್ದಿದ್ದ ಮಾವನವರಿಗೆ ಅಡುಗೆ ಮಾಡುವುದು ನನ್ನ ಪಾಲಿಗೆ ಬಂದಿತ್ತು. ನನಗೂ ಜ್ವರ, ನಾನೂ ಗುಳಿಗೆ ನುಂಗುತ್ತಿದ್ದೆ. ಆಯಿ ಒಂದು ಹೆರಿಗೆಗೆ ಹೋಗಿದ್ದರಿಂದ ನಾಲ್ಕು ದಿನ ಚಿಂದಿ ಕಟ್ಟಿದವರಿಲ್ಲ, ಹಳೆಯವು ಮಳೆಗೆ ಕಳಚಿಬಿದ್ದಿದ್ದವು. ಹಿತ್ತಿಲಾಚೆಯ ಬಳ್ಳಿಯಲ್ಲಿ ಹೂವಿರಲಿಲ್ಲ, ಕಾಯಿ ಇತ್ತು. ಕಿತ್ತು ತಂದೆ. ಹೆಚ್ಚುವಾಗ ತುದಿ ಕಚ್ಚಿ ನೋಡಿದೆ, ಕಹಿ. ಆದರೆ ಆ ವಾರ ನನಗೆ ನೀರೂ ಕಹಿಯಾಗಿತ್ತು. ಗುಳಿಗೆಯದೇ ಇರಬೇಕೆಂದುಕೊಂಡು ಒಗ್ಗರಣೆ ಹಾಕಿದೆ.

ಮಾವನವರು, "ಅನ್ನಾನೂ ಕಹಿ, ಪಲ್ಯಾನೂ ಕಹಿ, ಏನ್ ಬಾಯಿ ಆತವಾ ನಂದು!" ಎಂದು ನಕ್ಕು ಉಂಡರು. ಅವರು ಉಂಡೇಳದೆ ನಾನು ಉಣ್ಣುವಂತಿರಲಿಲ್ಲ. ನಾನು ಎಲೆಗೆ ಬಡಿಸಿಕೊಳ್ಳುವ ಮೊದಲೇ ಅವರಿಗೆ ವಾಂತಿ ಶುರುವಾಯಿತು, ಆಮೇಲೆ ಭೇದಿ. ಸಂಜೆ ಊರಿಗೆ ಬಂದ ಆಯಿ ಉಳಿದ ಕಾಯಿಯನ್ನು ಉಗುರಿನಿಂದ ಸೀಳಿ ನೋಡಿ ನನ್ನ ಮುಖ ನೋಡಿದಳು. ಉಪ್ಪು ಬೆಲ್ಲ ಕದಡಿದ ನೀರು ಕುಡಿಸುತ್ತ ಕೂತಳು. ಹಳಿಯಾಳದ ಡಾಕ್ಟರರಿಗೆ ಗಾಡಿ ಕಳಿಸಿದೆವು. ಗಾಡಿ ತಿರುಗಿ ಬರುವ ಮೊದಲೇ ಮಾವನವರು ಹೋದರು. ನನಗೆ ಅಳು ಬರಲಿಲ್ಲ. ಪಾತ್ರೆ ತೊಳೆದೆ, ಅಷ್ಟು ನೆನಪಿದೆ.

ಅತ್ತೆ ಬಂದವರೇ ನನ್ನ ರಟ್ಟೆ ಹಿಡಿದರು. "ಏನ್ ಹಾಕಿ ಕೊಂದ್ಯೇ? ಹೇಳು, ಇಲ್ಲಾ ಈಗಿಂದೀಗ ಗಂಟು ಕಟ್ಟಿ ಮಳಗಿ ಗಾಡಿ ಹತ್ತು!"

ನಾನು ಬಾಯಿ ತೆರೆಯುವ ಮೊದಲು ಆಯಿ ನಡುವೆ ಬಂದಳು.

"ಅಕೀನ ಯಾಕ ಹಿಡೀತಿ? ಹೆರಿಗಿಗೆ ಹೋಗೂ ಮುಂದ ತೊಂಡಿ ಅಂತ ಕಾಯಿ ತಂದಕೊಟ್ಟಾಕಿ ನಾನು. ನನ್ನ ಕಣ್ಣ ಮಂಜಾಗ್ಯಾವ, ಗುರ್ತ ತಪ್ಪಿತು."

ನಾನು ಅಲ್ಲ ಎನ್ನಲಿಲ್ಲ.

ಊರ ಬಾಯಿಗೆ ಕದವೆಲ್ಲಿದೆ? ಕಾಯಿ ಗುರುತಿಸದವಳು ಕೂಸನ್ನೇನು ಹಿಡಿದಾಳು ಎಂದರು. ಆಯಿಯನ್ನು ಹೆರಿಗೆಗೆ ಕರೆಯುವುದು ನಿಂತಿತು. ನನ್ನ ಚೊಚ್ಚಲ ಹೆರಿಗೆಗೂ ಅತ್ತೆ ಬೇರೆ ಊರಿನಿಂದ ಸೂಲಗಿತ್ತಿಯನ್ನು ಕರೆಸಿದರು. ಆಯಿ ತನ್ನ ಕಟ್ಟೆಯ ಮೇಲೆ ಕೂತಿದ್ದಳಂತೆ, ಕೂಸು ಅತ್ತ ಮೇಲೆ ಒಳಗೆ ಹೋದಳಂತೆ.

ಒಮ್ಮೆ ಬಾವಿಯ ಹತ್ತಿರ, "ಆಯಿ, ನಾ ಖರೇ ಹೇಳಿಬಿಡ್ತೇನಿ," ಎಂದೆ.

"ಹೇಳಿದ್ರ ನಿನ್ನ ಮಾವ ಎದ್ದ ಬರ್ತಾನೇನು? ನಂಗ ಹಿಂದಿಲ್ಲ ಮುಂದಿಲ್ಲ. ನಿನ್ನ ಬಗಲಾಗ ಕೂಸೈತಿ. ಸುಮ್ಮನ ನೀರ ಸೇದು."

ನಾನು ಸೇದಿದೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಸಮಾಧಾನವೂ ಆಯಿತು. ಅದೇ ಹೆಚ್ಚಾಗಿತ್ತು.

ಎರಡು ವರ್ಷಕ್ಕೆ ಜ್ವರದಲ್ಲೇ ಆಯಿ ಹೋದಳು. ಹೆಣಕ್ಕೆ ನೀರು ಹಾಕಲು ಹೆಂಗಸರು ಸಾಲಲಿಲ್ಲ. ನಾನು ಹೊಸ್ತಿಲು ದಾಟುವಾಗ ಅತ್ತೆ ಒಳಗಿನಿಂದ, "ಎಲ್ಲಿಗಿ ಹೊಂಟಿ? ನಿನ್ನ ಮಾವನ್ನ ಕೊಂದಾಕಿ ಅಕಿ," ಎಂದರು.

"ಹೌದ್ರಿ, ಅತ್ತಿ," ಎಂದು ಒಳಗೆ ಬಂದು ಒಲೆ ಹೊತ್ತಿಸಿದೆ.